ಬಾಗೇವಾಡಿಯ ಮನೆಯನ್ನು ಬಡಿದು ನೋಡಿ ಕೊಂಡದ್ದು

ಮನೆ ಕೊಳ್ಳುವ ಮುಂಚೆ ಅದನ್ನೊಮ್ಮೆ ಇಂಜಿನಿಯರಿಗೆ ತೋರಿಸಬೇಕು ಎಂದು ನಾನು ಹೇಳಿದಾಗ ದಲಾಲಿ ಬಾಯಿಗೆ ಹಾಕಿಕೊಳ್ಳಲಿದ್ದ ಎಲೆ ಅಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡು ನಕ್ಕುಬಿಟ್ಟ.

"ಬಾಯಾರ, ಹೊಸಾ ಮನಿ ಕಟ್ಟಾಕ ಇಂಜಿನಿಯರ್ ಬೇಕಾಗ್ತಾನ್ರಿ. ಇದು ಮುತ್ತ್ಯಾನ ಕಾಲದ ಮನಿ. ಬೀಳೂದಿದ್ರ ಇಷ್ಟೊತ್ತಿಗೆ ಬಿದ್ದ ಹೋಗ್ತಿತ್ತು."

"ನಮ್ಮ ಗಾಡಿ ಡಿಪೋ ಬಿಡೂಕಿಂತ ಮೊದ್ಲ ಡ್ರೈವರ್ ದಿನಾ ಟೈರ್ ಬಡದು ನೋಡ್ತಾನ್ರಿ" ಎಂದೆ ನಾನು. "ನಿನ್ನೆ ಓಡೇತಿ, ಇವತ್ತೂ ಓಡ್ತೈತಿ ಅಂತ ಹಂಗ ಹೊಡ್ಕೊಂಡು ಹೋಗೂದಿಲ್ಲ."

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ನನ್ನ ತವರು ಇಂಡಿ ಕಡೆಯ ಒಂದು ಸಣ್ಣ ಊರು. ಅವ್ವ ಬೇರೆಯವರ ನಿಂಬೆ ತೋಟದಲ್ಲಿ ಕಾಯಿ ಬಿಡಿಸುತ್ತಿದ್ದಳು, ಅಪ್ಪ ಆ ಕಾಯಿಗಳ ಚೀಲ ಹೊಲಿದು ಟೆಂಪೋಕ್ಕೆ ಹೇರುತ್ತಿದ್ದ. ಹತ್ತನೇ ಇಯತ್ತೆ ಪಾಸಾದ ನನ್ನನ್ನು ಅವರು ಮುಂದಕ್ಕೆ ಓದಿಸಿದರು. ಕಂಡಕ್ಟರ್ ನೌಕರಿ ಸಿಕ್ಕಾಗ ನಮ್ಮ ಮಂದಿಯಲ್ಲಿ ಕೆಲವರು ಮೂಗು ಮುರಿದರು. ಹೆಣ್ಣುಮಗಳು ಚೀಲ ಹಾಕಿಕೊಂಡು ಬಸ್ಸಿನಲ್ಲಿ ನಿಲ್ಲುವುದೆಂದರೇನು ಎಂದು. ಅಪ್ಪ ಮಾತ್ರ ಮೊದಲ ದಿನ ಇಂಡಿ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಬಸ್ಸನ್ನೇ ಹತ್ತಿ ಟಿಕೆಟ್ ತೆಗೆಸಿಕೊಂಡು ಎರಡು ಸ್ಟಾಪ್ ದೂರ ಹೋಗಿ ಇಳಿದ.

ಆಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಡಿಪೋಗಳನ್ನೆಲ್ಲ ಸುತ್ತಿ ಬಸವನ ಬಾಗೇವಾಡಿಗೆ ಬಂದೆ. ಇಷ್ಟರೊಳಗೆ ಏಳು ಬಾಡಿಗೆ ಮನೆ ಆದವು. ನಮ್ಮ ಮನೆಯವರು ಟೇಲರ್. ಊರು ಬದಲಾದಾಗೆಲ್ಲ ಅವರ ಹೊಲಿಗೆ ಮಷೀನೇ ಮೊದಲು ಟೆಂಪೋ ಏರುತ್ತಿತ್ತು, ಆಮೇಲೆ ಪಾತ್ರೆ, ಆಮೇಲೆ ಇಬ್ಬರು ಹೆಣ್ಣುಮಕ್ಕಳು. ಮುದ್ದೇಬಿಹಾಳದ ಮನೆಯಲ್ಲಿ ಒಂದು ಮುಂಜಾನೆ ಅವರು ಚಹಾ ಕುಡಿಯಲು ಮಷೀನಿನ ಮುಂದಿನಿಂದ ಎದ್ದು ಒಳಗೆ ಬಂದಿದ್ದರು. ಹೊರಗೆ ದಪ್ ಎಂದು ಸದ್ದಾಯಿತು. ಹೋಗಿ ನೋಡಿದರೆ ಮೇಲಿನ ಸ್ಲ್ಯಾಬಿನ ಒಂದು ಪದರ ಕಳಚಿ ಮಷೀನಿನ ಮೇಲೆ ಬಿದ್ದಿತ್ತು. ಮರದ ಹಲಗೆ ಎರಡು ಹೋಳು. ಅವರು ಕೂರುತ್ತಿದ್ದ ಸ್ಟೂಲಿನ ಮೇಲೆ ನನ್ನ ಅಂಗೈಯಷ್ಟು ಅಗಲದ ಸಿಮೆಂಟ್ ತುಂಡು. ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಅವರು ಅದನ್ನು ಬಹಳ ಹೊತ್ತು ನೋಡಿದರು. ಸ್ವಂತ ಮನೆ ತೆಗೆದುಕೊಂಡರೆ ತಲೆ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ ಎಂದು ತಿಳಿದುಕೊಂಡೇ ಒಳಗೆ ಹೋಗುವುದು ಎಂದು ನಾನು ಆ ದಿನವೇ ಗಟ್ಟಿ ಮಾಡಿಕೊಂಡೆ.

ಬಾಗೇವಾಡಿಯ ಹಳೆ ಓಣಿಯ ಆ ಮನೆ ರೈತರ ಕಾಳು ಕಡಿ ಮಾರಿಸಿಕೊಡುವ ಒಬ್ಬ ಅಡತಿ ವ್ಯಾಪಾರಿಯದು. ಅವರು ಗೊಳಸಂಗಿ ಕಡೆಯ ತಮ್ಮ ಹೊಲದ ಸಮೀಪ, ಕಾರು ನಿಲ್ಲಿಸಲು ಜಾಗ ಇರುವಂತೆ ದೊಡ್ಡ ಮನೆ ಕಟ್ಟಿಸಿಕೊಂಡು ಇಡೀ ಬಳಗದೊಡನೆ ಅಲ್ಲಿಗೆ ಹೋಗಿದ್ದರು. ಓಣಿಯ ಮನೆಗೆ ದಪ್ಪ ಕಲ್ಲಿನ ಗೋಡೆ, ಮುಂದೆ ಕಟ್ಟೆ, ಒಳಗೆ ನಾಲ್ಕು ಕಂಬದ ಪಡಸಾಲೆ. ಮುಂದಿನ ಅರ್ಧಕ್ಕೆ ಮರದ ಜಂತಿಗಳ ಮೇಲೆ ಮಣ್ಣು ಹಾಸಿದ ಮಾಳಿಗೆ, ಹಿಂದಿನ ಅರ್ಧಕ್ಕೆ ಯಾವಾಗಲೋ ಹಾಕಿಸಿದ ಸ್ಲ್ಯಾಬ್. ಪಡಸಾಲೆಯಲ್ಲಿ ಬೆಳಗಿನಿಂದ ಸಂಜೆಯತನಕ ಬೆಳಕು. ನಮ್ಮ ಮನೆಯವರು ಒಂದು ಕಂಬದ ಪಕ್ಕ ನಿಂತು, ಅಲ್ಲಿ ಮಷೀನು ಇಟ್ಟಂತೆ ಕಾಲು ಆಡಿಸಿ ನೋಡಿದರು. ಅವರಿಗೆ ಮನೆ ಒಪ್ಪಿಗೆಯಾಯಿತೆಂದು ನನಗೆ ಗೊತ್ತಾಯಿತು.

ಒಪ್ಪಿಗೆಯಾಗದ ಒಂದು ಸಂಗತಿ ನನ್ನ ಕಣ್ಣಿಗೆ ಬಿದ್ದಿತ್ತು. ಒಳಗಿನ ಉಗ್ರಾಣದ ಮೂಲೆಯಲ್ಲಿ ನೆಲದಿಂದ ಶುರುವಾಗಿ ಓರೆಯಾಗಿ ಬಾಗಿಲ ಮೇಲಿನ ಕಲ್ಲಿನವರೆಗೆ ಒಂದು ಬಿರುಕು ಹೋಗಿತ್ತು. ಅದರ ಮೇಲೆ ಹೊಸದಾಗಿ ಸುಣ್ಣ ಹಚ್ಚಿದ್ದರು. ದಲಾಲಿ ಅದರ ಮುಂದೆಯೇ ಬೆನ್ನು ಮಾಡಿ ನಿಂತು ಅಡುಗೆಮನೆಯ ಗಾಳಿ ಬೆಳಕಿನ ಬಗ್ಗೆ ಹೇಳುತ್ತಿದ್ದ.

ಇಂಜಿನಿಯರ್ ಯಾರು ಎಂದು ನಾನು ಹೆಚ್ಚು ಹುಡುಕಲಿಲ್ಲ. ಸಿಂದಗಿ ಡಿಪೋದಲ್ಲಿದ್ದಾಗ ಮೋರಟಗಿಯಿಂದ ಒಬ್ಬ ಹುಡುಗಿ ದಿನಾ ನನ್ನ ಬಸ್ಸಿಗೆ ಕಾಲೇಜಿಗೆ ಬರುತ್ತಿದ್ದಳು. ಕೈಯಲ್ಲಿ ಯಾವಾಗಲೂ ಸುತ್ತಿದ ಡ್ರಾಯಿಂಗ್ ಹಾಳೆಗಳು. ಮುಂಜಾನೆ ಬಸ್ಸಿನಲ್ಲಿ ಉಸಿರಾಡಲು ಜಾಗ ಇರುತ್ತಿರಲಿಲ್ಲ. ಒಂದು ದಿನ ಹಾಳೆ ಮುದ್ದೆಯಾಗಿ ಆಕೆ ಅಳುವುದನ್ನು ನೋಡಿದೆ. ಮರುದಿನದಿಂದ ಬಾಗಿಲಲ್ಲೇ ಅವಳ ಹಾಳೆ ಇಸಿದುಕೊಂಡು ಡ್ರೈವರ್ ಸೀಟಿನ ಹಿಂದೆ ನಿಲ್ಲಿಸುತ್ತಿದ್ದೆ. ಮೂರು ವರ್ಷ ಹಾಗೇ ನಡೆಯಿತು. ಈಗ ಅವಳು ಸಿಂದಗಿಯಲ್ಲಿ ಒಬ್ಬ ಹಿರಿಯ ಇಂಜಿನಿಯರರ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದಳು. ಫೋನ್ ಮಾಡಿದೆ.

"ಅಕ್ಕಾರ, ಖರೇ ಹೇಳ್ತೇನಿ" ಎಂದಳು. "ಹಳೇ ಮನಿ ತಪಾಸಣಿ ನಮ್ಮ ಸರ್ ಜೋಡಿ ಎರಡ್ಮೂರು ಮಾಡೇನಿ. ನಾ ಒಬ್ಬಾಕೀನ ಒಂದೂ ಮಾಡಿಲ್ಲ. ನಡೀತದೇನ್ರಿ?"

"ನಾ ಒಬ್ಬಾಕೀನ ಒಂದೂ ಮನಿ ತಗೊಂಡಿಲ್ಲವಾ. ಬಾ" ಎಂದೆ.

ಆಕೆ ಒಂದು ಭಾನುವಾರ ಮೊದಲ ಬಸ್ಸಿಗೇ ಬಂದಳು. ಚೂಡಿದಾರ, ಕಾಲಲ್ಲಿ ಬೂಟು, ಹೆಗಲಿಗೆ ಚೀಲ. ಚೀಲದಲ್ಲಿ ಸಣ್ಣ ಸುತ್ತಿಗೆ, ಬ್ಯಾಟರಿ, ಉದ್ದನೆಯ ಸ್ಕ್ರೂಡ್ರೈವರ್, ಅಳತೆಯ ಟೇಪು, ದಾರಕ್ಕೆ ಕಟ್ಟಿದ ಗುಂಡು, ಸುರುಳಿ ಸುತ್ತಿದ ಪಾರದರ್ಶಕ ಪೈಪು. ಮನೆಯ ಮಾಲೀಕ ಸಾವಕಾರರು ಆಗಲೇ ಕಟ್ಟೆಯ ಮೇಲೆ ಬಂದು ಕೂತಿದ್ದರು. ಅವರ ತಾಯಿಯೂ ಬಂದಿದ್ದರು. ಎಂಬತ್ತು ದಾಟಿದ, ಸಣ್ಣ ಮೈಯ ಆಯಿ. ಹೊಸ ಮನೆಗೆ ಹೋದ ಮೇಲೂ ದಿನಾ ಬೆಳಿಗ್ಗೆ ಮೊಮ್ಮಗನ ಗಾಡಿಯಲ್ಲಿ ಬಂದು ಹಳೆ ಮನೆಯ ಗೋಡೆಯ ಮಾಡದಲ್ಲಿ ದೀಪ ಹಚ್ಚಿ ಹೋಗುವುದು ಅವರ ರೂಢಿಯಂತೆ.

ಇಂಜಿನಿಯರ್ ಎಂದರೆ ಗಂಡಸು ಬರುತ್ತಾನೆ ಎಂದುಕೊಂಡಿದ್ದ ಸಾವಕಾರರು ಆಕೆಯನ್ನು ಮೇಲೆ ಕೆಳಗೆ ನೋಡಿದರು. "ಇವರೇನ್ರಿ?" ಎಂದರು.

"ಹೌದ್ರಿ, ಇವರ" ಎಂದೆ.

ಮೊದಲ ಅರ್ಧ ತಾಸು ಆಕೆ ಏನನ್ನೂ ಮುಟ್ಟಲಿಲ್ಲ. ಮನೆಯ ಸುತ್ತ ನಡೆದಳು. ಮಳೆನೀರು ಎಲ್ಲಿ ಬೀಳುತ್ತದೆ, ಎಲ್ಲಿ ಹರಿಯುತ್ತದೆ, ಹಿಂದಿನ ಬಚ್ಚಲದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಂಡಳು. ಆಮೇಲೆ ಸುತ್ತಿಗೆ ತೆಗೆದುಕೊಂಡು ಗೋಡೆಯನ್ನು ಗೇಣು ಗೇಣಿಗೆ ಬಡಿಯುತ್ತಾ ಹೋದಳು. ಒಂದು ಕಡೆ ನಿಂತು ನನ್ನನ್ನು ಕರೆದಳು. "ಅಕ್ಕಾರ, ನೀವ ಬಡೀರಿ. ಇಲ್ಲಿ ಒಂದು, ಇಲ್ಲಿ ಒಂದು."

ಬಡಿದೆ. ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಖಾಲಿ ಡಬ್ಬಿಯ ಸದ್ದು.

"ಇದು ಮಣ್ಣಾಗ ಕಟ್ಟಿದ ಕಲ್ಲಿನ ಗ್ವಾಡಿ. ಮ್ಯಾಲ ಸಿಮೆಂಟ್ ಹೊಡದಾರ. ಒಳಗಿನ ಹಸಿ ಹೊರಗ ಬರಾಕ ಹಾದಿ ಇಲ್ಲ. ಅದಕ್ಕ ಪ್ಲಾಸ್ಟರ್ ಬಿಟಗೊಂಡೈತಿ. ಗ್ವಾಡಿಗೆ ಏನೂ ಆಗಿಲ್ಲ, ಸಿಮೆಂಟ್ ಕೆತ್ತಿ ಸುಣ್ಣದ ಗಾರೆ ಹಾಕ್ಸಿದ್ರ ಸಾಕು."

ಆಕೆ ಪ್ರತಿಯೊಂದನ್ನೂ ಹೀಗೆ ಬಿಡಿಸಿ ಹೇಳುತ್ತಿದ್ದಳು. ಮಾಳಿಗೆಯ ಜಂತಿಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದಳು. ಹನ್ನೊಂದು ಜಂತಿಗಳಲ್ಲಿ ಅದು ನಾಟಲೇ ಇಲ್ಲ. ಎರಡರಲ್ಲಿ, ಗೋಡೆಯೊಳಗೆ ಹೋಗುವ ತುದಿಗೆ, ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಗೆದ್ದಲು. ನಮ್ಮ ಮನೆಯವರು ಪಾರದರ್ಶಕ ಪೈಪಿನ ಒಂದು ತುದಿ ಹಿಡಿದು ಆಕೆ ಹೇಳಿದ ಮೂಲೆಯಲ್ಲೆಲ್ಲ ನಿಂತರು. ಪೈಪಿನೊಳಗಿನ ನೀರಿನ ಮಟ್ಟ ನೋಡಿ ಆಕೆ ನೆಲದ ಇಳಿಜಾರು ಅಳೆಯುತ್ತಿದ್ದಳು. ಪಡಸಾಲೆ ಸಮ ಇತ್ತು. ಉಗ್ರಾಣದ ಮೂಲೆ ಎರಡು ಬೆರಳು ಕೆಳಗೆ ಹೋಗಿತ್ತು.

ಬಿರುಕಿನ ಮುಂದೆ ಆಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತಳು. ಮೇಲಿನ ಸುಣ್ಣ ಕೆರೆದಳು. ಅಗಲ ಅಳೆದಳು. ಚೀಲದಿಂದ ತೆಳುವಾದ ಮೂರು ಗಾಜಿನ ಪಟ್ಟಿಗಳನ್ನು ತೆಗೆದು ಬಿರುಕಿಗೆ ಅಡ್ಡಲಾಗಿ, ಕೆಳಗೊಂದು ನಡುವೊಂದು ಮೇಲೊಂದು, ಎರಡೂ ಬದಿಗೆ ಗಟ್ಟಿಯಾಗಿ ಅಂಟಿಸಿ ಪಕ್ಕದಲ್ಲಿ ತಾರೀಖು ಬರೆದಳು.

"ಬಿರುಕು ಹಳೇದಾಗಿ ಸುಮ್ಮ ನಿಂತಿದ್ರ ಗಾಜು ಹಂಗ ಇರ್ತೈತಿ. ಗ್ವಾಡಿ ಇನ್ನೂ ಸರಿಯಾಕತ್ತಿದ್ರ ಒಡೀತೈತಿ. ಒಂದು ತಿಂಗಳು ಬೇಕು, ಒಂದೆರಡು ಮಳಿ ಆಗಬೇಕು."

ಕಟ್ಟೆಯ ಮೇಲಿದ್ದ ಸಾವಕಾರರಿಗೆ ಇಷ್ಟು ಹೊತ್ತು ತಡೆದುಕೊಂಡಿದ್ದು ಸಾಕಾಗಿತ್ತು. ಎದ್ದು ಒಳಗೆ ಬಂದರು.

"ಬಾಯಾರ, ನಮ್ಮ ಹಿರ್ಯಾರು ಬದುಕಿ ಬಾಳಿದ ಮನಿ ಇದು. ನೀವು ಪೇಶಂಟಿನ್ನ ನೋಡಿದಂಗ ನೋಡಾಕತ್ತೀರಿ. ನಂಬಿಕಿ ಇಲ್ಲಂದ್ರ ಬ್ಯಾರೆ ಮನಿ ನೋಡ್ಕೋರಿ. ಮುಂದಿನ ವಾರ ತಗೊಳ್ಳಾವ್ರು ಇನ್ನೊಬ್ರು ಅದಾರ."

ದಲಾಲಿ ನನ್ನ ಕಡೆ ಕಣ್ಣು ಮಾಡಿದ. ಈಗ ಹೂಂ ಅನ್ನಿ ಎನ್ನುವಂತೆ. ನನಗೆ ಆ ಪಡಸಾಲೆ ಬೇಕಾಗಿತ್ತು. ಮನೆ ನೋಡಿದ ಮೂರು ವಾರಗಳಲ್ಲಿ ಮನಸ್ಸಿನಲ್ಲೇ ನಾನು ಅಡುಗೆಮನೆಯ ಡಬ್ಬಿಗಳನ್ನು ಜೋಡಿಸಿಯಾಗಿತ್ತು. ಆದರೂ ಹೇಳಿದೆ:

"ಸಾವಕಾರ್ರ, ಅವ್ರಿಗೆ ಕೊಡೂದಾದ್ರ ಕೊಡ್ರಿ. ನಾ ಬ್ಯಾಡ ಅನ್ನಾಕ ಯಾರು? ನನಗ ಕೊಡೂದಾದ್ರ ಮಾತ್ರ ಒಂದು ತಿಂಗಳು ಕಾಯ್ರಿ."

ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಹೋಗುವಾಗ ಆಯಿ ಹಿಂತಿರುಗಿ ನೋಡಿದರು, ನನ್ನನ್ನಲ್ಲ, ಗೋಡೆಯ ಮೇಲಿನ ಗಾಜನ್ನು.

ನನಗೆ ಆಗ ಬಾಗೇವಾಡಿ–ಮುದ್ದೇಬಿಹಾಳ ರೂಟು. ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಬಂದ ಮೇಲೆ ಬಸ್ಸು ಯಾವಾಗಲೂ ತುಂಬಿರುತ್ತದೆ. ಸೊನ್ನೆ ಟಿಕೆಟ್ ಹರಿಯುತ್ತ ಹರಿಯುತ್ತ ನನ್ನ ತಲೆಯಲ್ಲಿ ಗಾಜಿನದೇ ಚಿಂತೆ. ಸಾವಕಾರರು ಮಾರಿಬಿಟ್ಟರೋ ಏನೋ ಎಂದು ಡ್ಯೂಟಿ ಮುಗಿಸಿ ಬರುವಾಗ ಓಣಿಯ ಮುಂದೆ ಹಾಯ್ದು ಬರುತ್ತಿದ್ದೆ. ಮನೆಗೆ ಬೀಗ ಹಾಗೇ ಇರುತ್ತಿತ್ತು. ಎರಡನೇ ವಾರ ಜೋರು ಮಳೆಯಾಯಿತು, ಬಿಟ್ಟು ಬಿಟ್ಟು ಮೂರು ದಿನ. ನಾಲ್ಕನೇ ದಿನ ವಾರದ ರಜೆ. ಬೆಳಿಗ್ಗೆ ಆಯಿ ದೀಪ ಹಚ್ಚಲು ಬರುವ ಹೊತ್ತಿಗೆ ಹೋದೆ.

"ಬಾ ಯವ್ವಾ" ಎಂದರು ಆಯಿ. "ನೀ ಬರ್ತಿ ಅಂತ ನನಗ ಗೊತ್ತಿತ್ತು. ನಡಕಿನ ಗಾಜು ಮನ್ನೆ ಒಡೀತು. ಮ್ಯಾಲಿಂದು ನಿನ್ನೆ."

ಅವರು ದಿನಾ ಅದನ್ನು ನೋಡುತ್ತಿದ್ದರು.

ಹುಡುಗಿಗೆ ಫೋಟೋ ಕಳಿಸಿದೆ. ಎಂಟು ದಿನಕ್ಕೆ ಅವಳ ವರದಿ ಬಂತು. ಕನ್ನಡದಲ್ಲೇ ಬರೆದುಕೊಡು, ನಾನೇ ಓದಬೇಕು, ಇನ್ನೊಬ್ಬರು ಓದಿ ಹೇಳುವುದು ಬೇಡ ಎಂದು ಮೊದಲೇ ಹೇಳಿದ್ದೆ. ಮುದ್ದೇಬಿಹಾಳ ಸ್ಟ್ಯಾಂಡಿನಲ್ಲಿ ಗಾಡಿ ಅರ್ಧ ತಾಸು ನಿಲ್ಲುತ್ತದೆ. ಖಾಲಿ ಬಸ್ಸಿನಲ್ಲಿ ನನ್ನ ಸೀಟಿನಲ್ಲಿ ಕೂತು ಓದಿದೆ. ಹದಿಮೂರು ಪುಟ. ಒಂದೊಂದು ಕೋಣೆಗೆ ಒಂದು ಚಿತ್ರ, ಎಲ್ಲಿ ಏನು ಕೆಟ್ಟಿದೆ, ಯಾವುದನ್ನು ಈಗಲೇ ಮಾಡಬೇಕು, ಯಾವುದು ಎರಡು ವರ್ಷ ತಡೆಯುತ್ತದೆ, ಯಾವುದನ್ನು ಮುಟ್ಟಲೇಬಾರದು. ಮಣ್ಣಿನ ಮಾಳಿಗೆಯನ್ನು ತೆಗೆಸಬೇಡಿ, ಪ್ರತಿ ವರ್ಷ ಮಳೆಗಾಲದ ಮುಂಚೆ ಬಿಳಿ ಮಣ್ಣು ಹಾಕಿದರೆ ನಿಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ ಎಂದು ಬರೆದಿದ್ದಳು. ಹಿಂದಿನ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದಿದೆ, ಅದರ ಕೆಳಗೆ ಯಾರೂ ಮಲಗಬಾರದು ಎಂದೂ ಬರೆದಿದ್ದಳು. ಇದೇ ಊರಿನಲ್ಲಿ ಎರಡು ಹೋಳಾದ ಮಷೀನಿನ ಹಲಗೆ ನೆನಪಾಗಿ ಆ ಸಾಲನ್ನು ಇನ್ನೊಮ್ಮೆ ಓದಿದೆ.

ಕೊನೆಯ ಪುಟದಲ್ಲಿ ಹೀಗಿತ್ತು: "ಉಗ್ರಾಣದ ಮೂಲೆ ಇನ್ನೂ ಕುಸಿಯುತ್ತಿದೆ. ಈ ಭಾಗದ ಎರೆಮಣ್ಣು ಹಿಗ್ಗಿ ಕುಗ್ಗುವುದರಿಂದ ಬಿರುಕು ಬರುವುದು ಸಾಮಾನ್ಯ, ಆದರೆ ಒಂದೇ ಮೂಲೆ ಇಷ್ಟು ಕುಸಿಯಲು ಅದು ಸಾಲದು. ಕಾರಣ ನನಗೆ ತಿಳಿದಿಲ್ಲ. ನೆಲದ ಕಲ್ಲು ತೆಗೆದು ನೋಡದೆ ಊಹೆ ಮಾಡಿ ಹೇಳಿದರೆ ತಪ್ಪಾಗುತ್ತದೆ. ನೋಡುವವರೆಗೆ ಈ ಮನೆ ಕೊಳ್ಳಬೇಡಿ."

ದಲಾಲಿಗೆ ಓದಿ ಹೇಳಿದಾಗ ಆತ ಮತ್ತೆ ನಕ್ಕ. "ಗೊತ್ತಿಲ್ಲ ಅಂತ ಬರೀಯಾಕ ಇಂಜಿನಿಯರ್ ಬೇಕೇನ್ರಿ ಬಾಯಾರ? ಅದನ್ನ ನಾನೂ ಬರದು ಕೊಡ್ತಿದ್ದೆ."

ನಾನು ವರದಿಯನ್ನು ಮಡಿಚಿ ಚೀಲದಲ್ಲಿಟ್ಟುಕೊಂಡೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಸಹಿ ಹಾಕಿ ಕೊಟ್ಟವರನ್ನು ನನ್ನ ನೌಕರಿಯಲ್ಲಿ ನಾನು ಹೆಚ್ಚು ಕಂಡಿರಲಿಲ್ಲ. ನನ್ನ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದ ಹುಡುಗಿ ಅದನ್ನು ಬರೆದಿದ್ದಳು.

ಅದೇ ವಾರದ ಶುಕ್ರವಾರ ನಮ್ಮ ಮನೆಯವರು ನಮಾಜು ಮುಗಿಸಿಕೊಂಡು ಬಂದ ಮೇಲೆ ಇಬ್ಬರೂ ಹೋಗಿ ಸಾವಕಾರರನ್ನು ಕಂಡೆವು. ಹಳೆ ಮನೆಯ ಪಡಸಾಲೆಯಲ್ಲೇ ಸೇರಿದೆವು. ಅವರು ಇನ್ನೊಬ್ಬರಿಗೆ ಮಾರಿರಲಿಲ್ಲ. ಇನ್ನೊಬ್ಬರು ನಿಜವಾಗಿ ಇದ್ದರೋ ಇಲ್ಲವೋ ನಾನು ಕೇಳಲಿಲ್ಲ. ವರದಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಸಾವಕಾರರು ಕೈಕಟ್ಟಿಕೊಂಡು ಕೇಳಿದರು. ಆಯಿ ಕಂಬಕ್ಕೆ ಒರಗಿ ಕೂತಿದ್ದರು.

"ಹಂಗಾರ ಏನ್ ಮಾಡಬೇಕಂತೀರಿ?" ಎಂದರು ಸಾವಕಾರರು. "ಮಾರೂಕಿಂತ ಮೊದ್ಲ ನನ್ನ ಮನಿ ನೆಲಾ ಅಗಿಬೇಕು? ಓಣಿ ಮಂದಿ ನಗ್ತಾರ."

ಆಗ ಆಯಿ ಮಾತಾಡಿದರು. "ಆ ಮೂಲ್ಯಾಗ ಹಗೇವು ಐತಿ."

ಎಲ್ಲರೂ ಅವರ ಕಡೆ ತಿರುಗಿದೆವು. ಹಗೇವು ಅಂದರೆ ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಕಣಜ. ಒಬ್ಬರ ಮೇಲೊಬ್ಬರು ನಿಲ್ಲುವಷ್ಟು ಆಳ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ. ನಮ್ಮ ಕಡೆಯ ಹಳೆ ಊರುಗಳಲ್ಲಿ ಮನೆಯೊಳಗೂ ಇರುತ್ತಿದ್ದವು, ಬಯಲಲ್ಲೂ ಇರುತ್ತಿದ್ದವು.

"ಅವ್ವಾ, ಏನ್ ಹೇಳಾಕತ್ತಿ?" ಎಂದರು ಮಗ. ಅವರ ಮುಖ ನೋಡಿದರೆ ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ತಿಳಿಯುತ್ತಿತ್ತು.

"ನೀ ತೊಟ್ಟಲದಾಗ ಇದ್ದಿ. ನಿಮ್ಮ ಮುತ್ತ್ಯಾ ಬಾಯಿ ಮುಚ್ಚಿಸಿ ಮ್ಯಾಲ ಫರಸಿ ಹಾಕ್ಸಿದ್ರು. ಮುಚ್ಚ್ಯಾರ ಅಂದ್ರ ಮಣ್ಣ ತುಂಬೇ ಮುಚ್ಚ್ಯಾರ ಅಂತ ನಾ ತಿಳ್ಕೊಂಡಿದ್ದೆ. ಗಾಜು ಒಡದಾಗಿಂದ ನನಗ ಅನುಮಾನ. ಖಾಲಿ ಬಿಟ್ಟ ಮುಚ್ಚ್ಯಾರೋ ಏನೋ."

"ಈಗ ಯಾಕ ಅದನ್ನೆಲ್ಲಾ..." ಎಂದು ಸಾವಕಾರರು ಮೆಲ್ಲಗೆ ಹೇಳಿದರು.

ಆಯಿ ದನಿ ಏರಿಸಲಿಲ್ಲ. "ನಾಳೆ ಈಕಿ ಎರಡು ಹೆಣ್ಣುಮಕ್ಕಳನ್ನ ಕಟಗೊಂಡು ಇಲ್ಲಿ ಬದುಕಾಕಿ. ಗೊತ್ತಿದ್ದೂ ಬಾಯಿ ಮುಚ್ಕೊಂಡ ಕುಂತ್ರ ನನಗ ಉಂಡ ಅನ್ನ ಮೈಗೆ ಹತ್ತೂದಿಲ್ಲ. ಫರಸಿ ತೆಗಸು."

ಸಾವಕಾರರು ಎದ್ದು ಉಗ್ರಾಣದ ಬಾಗಿಲವರೆಗೆ ಹೋಗಿ ಬಂದರು. ಆಮೇಲೆ ನನ್ನ ಕಡೆ ನೋಡಿ, "ಆದಿತ್ಯವಾರ ಮುಂಜಾನೆ ಗೌಂಡಿ ಕರಸ್ತೇನಿ. ನಿಮ್ಮ ಇಂಜಿನಿಯರಿಗೂ ಬರಾಕ ಹೇಳ್ರಿ" ಎಂದರು. ಮೊದಲ ಸಲ ಅವರ ಬಾಯಿಂದ ಅವಳಿಗೆ ಇಂಜಿನಿಯರ್ ಎಂಬ ಮಾತು ಬಂತು.

ಆ ಭಾನುವಾರ ಗೋಡೆ ಕಟ್ಟುವ ಗೌಂಡಿ ಬಂದು ಹಾರೆ ಹಾಕಿ ನೆಲದ ಫರಸಿ ಕಲ್ಲು ಎಬ್ಬಿಸಿದ. ಮೂರನೇ ಕಲ್ಲಿನ ಕೆಳಗೆ ಗುಂಡನೆಯ ಕಲ್ಲಿನ ಮುಚ್ಚಳ ಸಿಕ್ಕಿತು. ಅದನ್ನು ಸರಿಸಿದ್ದೇ ತಡ, ಹಳೆಯ ಕೊಳೆತ ಕಾಳಿನ ವಾಸನೆ ಕೋಣೆ ತುಂಬಿತು. ಕೆಳಗೆ ಕತ್ತಲೆ. ಬ್ಯಾಟರಿ ಬಿಟ್ಟರೆ ತಳದಲ್ಲಿ ನೀರು ಮಿಂಚಿತು. ಆಯಿ ಹೇಳಿದ್ದು ನಿಜವಾಗಿತ್ತು. ಮೇಲೆ ಬಾಯಿ ಮಾತ್ರ ಮುಚ್ಚಿದ್ದರು, ಒಳಗೆ ಇಡೀ ಖಾಲಿ.

ಗೌಂಡಿ ವಯಸ್ಸಾದ ಮನುಷ್ಯ, ಕೈ ಪಳಗಿದವನು. ಲುಂಗಿ ಎತ್ತಿ ಕಟ್ಟಿಕೊಂಡು ಬಿದಿರಿನ ಏಣಿಯನ್ನು ಒಳಗೆ ಇಳಿಬಿಟ್ಟು, "ಒಂದು ನಿಮಿಷ, ನೋಡಿ ಬರ್ತೇನಿ" ಎಂದು ಕಾಲು ಇಟ್ಟೇಬಿಟ್ಟ.

"ಇಳೀಬ್ಯಾಡ್ರಿ!"

ಹುಡುಗಿ ಕೂಗಿದ ರಭಸಕ್ಕೆ ಆತನ ಕಾಲು ಮೊದಲ ಮೆಟ್ಟಿಲ ಮೇಲೇ ನಿಂತಿತು. ಅಲ್ಲಿಯವರೆಗೆ ಆಕೆ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ.

"ಏ ತಂಗಿ, ನೀ ಹುಟ್ಟೂಕಿಂತ ಮೊದ್ಲ ನಾ ಎಷ್ಟ ಹಗೇವು ಇಳದೇನಿ" ಎಂದ ಗೌಂಡಿ.

"ಇಳದಿರಬೇಕ್ರಿ ಕಾಕಾ. ಇದು ಐವತ್ತು ವರ್ಷದಿಂದ ಮುಚ್ಚೇತಿ, ತಳದಾಗ ನೀರು ಕೊಳತೈತಿ. ಒಳಗ ಗಾಳಿ ಹೆಂಗೈತೋ ಗೊತ್ತಿಲ್ಲ. ಮೊದ್ಲ ದೀಪ ಇಳಸೂಣ." ಆಕೆ ಏಣಿಯ ಮುಂದೆ ಬಂದು ನಿಂತೇಬಿಟ್ಟಳು. ಆತ ಇಳಿಯಬೇಕೆಂದರೆ ಅವಳನ್ನು ದಬ್ಬಿ ಇಳಿಯಬೇಕು.

"ಅಕಿ ಹೇಳೂದು ಖರೆ ಐತಿ" ಎಂದರು ಆಯಿ ಬಾಗಿಲಿನಿಂದ. "ನಮ್ಮ ಕಾಲಕ್ಕೂ ಬಾಯಿ ತಗದು ಒಂದಿನ ಗಾಳ್ಯಾಡಾಕ ಬಿಡ್ತಿದ್ರು." ಮಾಡದಲ್ಲಿ ಉರಿಯುತ್ತಿದ್ದ ದೀಪವನ್ನು ಅವರೇ ತಂದುಕೊಟ್ಟರು.

ದೀಪವನ್ನು ಒಂದು ಡಬ್ಬಿಯಲ್ಲಿಟ್ಟು, ಹಗ್ಗ ಕಟ್ಟಿ ಹುಡುಗಿ ಮೆಲ್ಲಗೆ ಇಳಿಸಿದಳು. ಎಲ್ಲರೂ ಸುತ್ತ ಬಗ್ಗಿ ನಿಂತಿದ್ದೆವು. ಒಂದು ಮೊಳ ಇಳಿಯಿತು, ಎರಡು ಮೊಳ ಇಳಿಯಿತು. ಕುಡಿ ಸಣ್ಣದಾಯಿತು. ಮೂರನೇ ಮೊಳಕ್ಕೆ ಪಕ್ಕನೆ ಆರಿತು. ಎತ್ತಿ ಮತ್ತೆ ಹಚ್ಚಿ ಇಳಿಸಿದಳು. ಅಷ್ಟೇ ಆಳಕ್ಕೆ ಹೋಗಿ ಮತ್ತೆ ಆರಿತು.

ಗೌಂಡಿ ಏಣಿಯಿಂದ ಕಾಲು ತೆಗೆದು, ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಆತ ಹುಡುಗಿಯನ್ನು ತಂಗಿ ಎನ್ನಲಿಲ್ಲ, ಬಾಯಾರ ಎಂದೇ ಕರೆದ. ಸಾವಕಾರರು ಹೊರಗೆ ಹೋಗಿ ತಾವೇ ಕುಡಿಯಲು ನೀರು ತಂದರು, ಮೊದಲು ಗೌಂಡಿಗೆ ಕೊಟ್ಟರು, ಆಮೇಲೆ ಅವಳಿಗೆ. ಅವಳು ತಂಬಿಗೆ ಎತ್ತಿ ಒಂದೇ ಸಮನೆ ಕುಡಿದು ಖಾಲಿ ಮಾಡಿದಳು. ಹೋಗಿ ಅವಳ ಬೆನ್ನ ಮೇಲೆ ಕೈ ಇಟ್ಟು ನಿಂತೆ.

ಒಂದು ದಿನ ಬಾಯಿ ತೆರೆದೇ ಬಿಟ್ಟು, ಟೇಬಲ್ ಫ್ಯಾನ್ ಹಚ್ಚಿ ಗಾಳಿ ಊದಿಸಿದರು. ಮರುದಿನ ದೀಪ ತಳದವರೆಗೆ ಉರಿಯುತ್ತಲೇ ಇಳಿಯಿತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗೌಂಡಿ ಇಳಿದ, ಅವನ ಹಿಂದೆ ಹುಡುಗಿಯೂ ಇಳಿದಳು. ಕಾರಣ ಸಿಕ್ಕಿತು. ಆ ಗೋಡೆಯ ಆಚೆಗೇ ಬಚ್ಚಲು. ಅದರ ಮೋರಿ ಒಡೆದು ನೀರು ವರ್ಷಗಟ್ಟಲೆ ಹಗೇವಿನೊಳಗೆ ಇಳಿದಿತ್ತು, ಇಳಿಯುತ್ತ ಗೋಡೆಯ ಬುನಾದಿಯ ಕೆಳಗಿನ ಮಣ್ಣನ್ನೂ ತೊಳೆದುಕೊಂಡು ಹೋಗಿತ್ತು. ಬುನಾದಿಯ ಕಲ್ಲಿನ ಅಡಿಗೆ ಅವಳು ಮೊಳಕೈವರೆಗೆ ಕೈ ಹಾಕಿ ತೋರಿಸಿದಳು.

"ಇನ್ನೊಂದೆರಡು ಮಳಿಗಾಲಕ್ಕ ಗ್ವಾಡಿ ಕೂತ ಬಿಡ್ತಿತ್ರಿ" ಎಂದಳು ಮೇಲೆ ಬಂದು. ಮೈಯೆಲ್ಲ ಕೆಸರು, ಮುಖದಲ್ಲಿ ಮಾತ್ರ ನಗು. ಗೊತ್ತಿಲ್ಲ ಎಂದು ಬರೆದಿದ್ದ ಜಾಗದಲ್ಲಿ ಈಗ ಏನು ಬರೆಯಬೇಕೆಂದು ಅವಳಿಗೆ ಗೊತ್ತಾಗಿತ್ತು.

ನಾನು ಮನೆ ಬಿಡುತ್ತೇನೆಂದು ದಲಾಲಿ ಅಂದುಕೊಂಡಿದ್ದ. ನನಗೆ ಆದದ್ದು ಅದರ ತದ್ವಿರುದ್ಧ. ಬಿರುಕು ಏನು ಮಾಡೀತೋ ಎಂಬ ಹೆದರಿಕೆ ಇದ್ದದ್ದು ಕಾರಣ ಗೊತ್ತಿಲ್ಲದ ದಿನಗಳಲ್ಲಿ. ಈಗ ಅದರ ಮೂಲ ನನ್ನ ಕಣ್ಣ ಮುಂದೆ ಬಾಯಿ ತೆರೆದು ನಿಂತಿತ್ತು. ಹಗೇವು ತುಂಬಿಸಿ, ಬುನಾದಿ ಕಟ್ಟಿಸಿ, ಮೋರಿ ಬೇರೆ ಕಡೆ ತಿರುಗಿಸಿ ಕೊಡುವುದಕ್ಕೆ ಸಾವಕಾರರು ತಾವಾಗಿಯೇ ಒಪ್ಪಿಕೊಂಡರು. ಜಂತಿ, ಸ್ಲ್ಯಾಬು, ಪ್ಲಾಸ್ಟರು ನಮ್ಮ ಪಾಲಿಗೆ. ನೀರು ಬಳಿದು ಹಾಕಿದರು. ಬುನಾದಿಯ ಅಡಿಗೆ ಕಲ್ಲು ಕಟ್ಟಿದರು. ದಪ್ಪ ಕಲ್ಲು, ಅದರ ಮೇಲೆ ಗರಸು ಮಣ್ಣು, ಗೇಣು ಗೇಣಿಗೆ ನೀರು ಹಾಕಿ ಗುದ್ದುತ್ತ ಬಾಯಿತನಕ ತುಂಬಿಸಿದರು. ಹುಡುಗಿ ಹೊಸದಾಗಿ ಮೂರು ಗಾಜು ಅಂಟಿಸಿದಳು. ಮತ್ತೆ ಕಾದೆವು. ಹಿಂಗಾರಿ ಮಳೆ ಎರಡು ಸಲ ಹೊಡೆಯಿತು. ಆಯಿ ದಿನಾ ನೋಡಿ ಮೊಮ್ಮಗನ ಫೋನಿನಿಂದ ನನಗೆ ಸುದ್ದಿ ಹೇಳುತ್ತಿದ್ದರು. "ಗಾಜು ಗಟ್ಟಿ ಅದಾವ ಯವ್ವಾ." ಅಷ್ಟೇ ಹೇಳಿ ಫೋನ್ ಇಡುತ್ತಿದ್ದರು.

ರಜಿಸ್ಟ್ರಿಯ ದಿನ ಕಚೇರಿಯಲ್ಲಿ ಸಹಿ ಹಾಕಿ ಹೆಬ್ಬೆರಳು ಒತ್ತಿ ಹೊರಗೆ ಬಂದಾಗ ಸಾವಕಾರರು ನನ್ನ ಪಕ್ಕ ನಿಂತು ಹೇಳಿದರು: "ಬಾಯಾರ, ನಾ ಆ ಮನ್ಯಾಗ ಹುಟ್ಟಿ ಬೆಳದಾಂವ. ಈಗ ನನಗಿಂತ ನಿಮಗ ಆ ಮನಿ ಬಗ್ಗೆ ಜಾಸ್ತಿ ಗೊತ್ತೈತಿ." ಆಮೇಲೆ ಮುಖ ಆಚೆ ಮಾಡಿ ಕೇಳಿದರು, "ನಿಮ್ಮ ಇಂಜಿನಿಯರ್ ಬಾಯಾರು ನಮ್ಮ ಅಡತಿ ಗೋದಾಮು ಒಮ್ಮೆ ನೋಡ್ತಾರೇನ್ರಿ? ಅದೂ ಹಳೇದಾಗೇತಿ."

ನೋಡಿದಳು. ಗೋದಾಮಿನ ನಂತರ ಆಕೆಗೆ ಇಂಡಿಯಲ್ಲಿ ಒಬ್ಬ ಮಾಸ್ತರರ ಮನೆ, ಸಿಂದಗಿಯಲ್ಲಿ ಒಂದು ಹಳೆಯ ಶಾಲೆಯ ಕಟ್ಟಡ ಸಿಕ್ಕವು. ಹಳೆ ಕಟ್ಟಡ ನೋಡುವ ಕೆಲಸ ಬಂದರೆ ಅವಳ ಹಿರಿಯ ಇಂಜಿನಿಯರರು ಈಗ ಅವಳನ್ನೇ ಕಳಿಸುತ್ತಾರಂತೆ. ನಮ್ಮ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ನನ್ನ ವರದಿಯ ಝೆರಾಕ್ಸ್ ಒಂದು ಟ್ರಂಕಿನಲ್ಲಿದೆ. ಮನೆ ಕೊಳ್ಳಬೇಕೆನ್ನುವವರು ತೆಗೆದು ಓದುತ್ತಾರೆ. ಮೊನ್ನೆ ಒಬ್ಬ ಡ್ರೈವರ್ ಕೇಳಿದ, "ಅಕ್ಕಾರ, ನಿಮ್ಮ ಮನ್ಯಾಗ ಇಷ್ಟೆಲ್ಲಾ ಐಬು ಬರದಾರಲ್ಲ, ಆದ್ರೂ ತಗೊಂಡ್ರಿ?" ಬರದಾರ ಅಂತನ ತಗೊಂಡೆ ಎಂದು ನಾನು ಹೇಳಿದೆ. ಆತನಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ.

ನಾವು ಒಳಗೆ ಬಂದು ಒಂದು ವರ್ಷವಾಯಿತು. ಸ್ಲ್ಯಾಬು ತೆಗೆಸಿ ತಗಡು ಹಾಕಿಸಿದ್ದೇವೆ. ಕೆಟ್ಟ ಎರಡು ಜಂತಿಗಳ ಜಾಗಕ್ಕೆ ಬೇವಿನ ಜಂತಿ ಬಂದಿವೆ. ಉಗ್ರಾಣ ಈಗ ಹೆಣ್ಣುಮಕ್ಕಳ ಓದುವ ಕೋಣೆ. ಅಲ್ಲಿಯ ಬಿರುಕನ್ನು ಸುಣ್ಣದ ಗಾರೆಯಿಂದ ತುಂಬಿಸಿದ್ದೇನೆ, ಆದರೆ ಗುರುತು ಕಾಣುತ್ತದೆ. ಬಂದವರು ಕೇಳಿದರೆ ಮಕ್ಕಳು ಇಡೀ ಕಥೆ ಹೇಳುತ್ತಾರೆ, ಗೌಂಡಿ ಕಾಕಾನ ಭಾಗ ಬಂದಾಗ ದನಿ ಇಳಿಸಿ ಹೇಳುತ್ತಾರೆ.

ಈ ವರ್ಷ ಮಳೆಗಾಲ ಶುರುವಾಗುವ ಮುಂಚೆ ಒಂದು ರಜೆಯ ದಿನ ಬಿಳಿ ಮಣ್ಣು ತರಿಸಿದೆ. ಸೀರೆಯ ನೆರಿಗೆ ಮೇಲೆ ಸಿಕ್ಕಿಸಿಕೊಂಡು ಮಾಳಿಗೆ ಏರಿದೆ. ನಮ್ಮ ಮನೆಯವರು ಕೆಳಗಿನಿಂದ ಬುಟ್ಟಿ ತುಂಬಿ ಹಗ್ಗಕ್ಕೆ ಕಟ್ಟುತ್ತಿದ್ದರು, ನಾನು ಮೇಲೆ ಎಳೆದುಕೊಂಡು ಮಣ್ಣು ಹರಡುತ್ತಿದ್ದೆ. ಅಲ್ಲಿಂದ ಇಡೀ ಓಣಿಯ ಮಾಳಿಗೆಗಳು ಕಾಣುತ್ತವೆ, ಆಚೆಗೆ ಬಸ್ ಸ್ಟ್ಯಾಂಡು. ಕೆಳಗೆ ಹೋಗುತ್ತಿದ್ದ ಎದುರು ಮನೆಯ ಹಿರಿಯರು ತಲೆಯೆತ್ತಿ ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದರು, "ಕಂಡಕ್ಟರ್ ಬಾಯಾರ, ಇದಕ್ಕ ಆಳು ಹಚ್ಚಬಾರದೇನ್ರಿ?"

"ನನ್ನ ಮನಿ ಐತ್ರಿ, ನಾನ ಹಾಕ್ತೇನಿ" ಎಂದು ಹೇಳಿ ಮುಂದಿನ ಬುಟ್ಟಿ ಎಳೆದುಕೊಂಡೆ.